ಮನೆಯ ಕುಲುಮೆಯಲ್ಲಿ ಚಾಕು: ಉಕ್ಕಿನ ಆಯ್ಕೆಯಿಂದ ಹದದವರೆಗೆ

ಚಾಕು ಮಾಡುವುದನ್ನು ಕಲಿಯಲು ಹೊರಟವರ ಗಮನ ಮೊದಲು ಹೋಗುವುದು ಸುತ್ತಿಗೆ ಮತ್ತು ಅಡೆಗಲ್ಲುಗಳ ಕಡೆಗೆ. ಕಮ್ಮಾರಿಕೆಯೆಂದರೆ ಕೆಂಪಗೆ ಕಾದ ಕಬ್ಬಿಣವನ್ನು ಬಡಿಯುವುದೇ ಎಲ್ಲರ ಕಣ್ಣ ಮುಂದೆ ಬರುವುದರಿಂದ ಇದು ಸಹಜ. ಆದರೆ ಸುತ್ತಿಗೆ ಕೊಡುವುದು ಆಕಾರವನ್ನು ಮಾತ್ರ. ಅದೇ ಆಕಾರವನ್ನು ಉಕ್ಕಿನ ಪಟ್ಟಿಯಿಂದ ಗರಗಸ ಮತ್ತು ಅರದಿಂದಲೂ ತೆಗೆಯಬಹುದು. ಹಾಗೆ ಮಾಡಿದ ಚಾಕು ಬಡಿದು ಮಾಡಿದ್ದಕ್ಕಿಂತ ಕೀಳೇನೂ ಆಗುವುದಿಲ್ಲ. ಹರಿತ ಎಷ್ಟು ದಿನ ನಿಲ್ಲುತ್ತದೆ, ಕೆಲಸದ ನಡುವೆ ಅಲಗು ಮುರಿಯುತ್ತದೆಯೋ ಬಾಗುತ್ತದೆಯೋ ಎಂಬುದನ್ನೆಲ್ಲ ನಿರ್ಧರಿಸುವುದು ಉಕ್ಕು ಎಷ್ಟು ಕಾದಿತು, ಎಷ್ಟು ಬೇಗ ತಣಿಯಿತು, ಆಮೇಲೆ ಎಷ್ಟು ಶಾಖದಲ್ಲಿ ಹದಕ್ಕೆ ಬಂತು ಎಂಬ ಮೂರು ಸಂಗತಿಗಳು. ಆದ್ದರಿಂದ ಹೊಸಬರು ತಮ್ಮ ಹಣ, ಸಮಯ, ಎಚ್ಚರಗಳನ್ನು ಮೊದಲು ಶಾಖವನ್ನು ಹಿಡಿತಕ್ಕೆ ತಂದುಕೊಳ್ಳಲು ಬಳಸಬೇಕು, ಉಳಿದ ಸಲಕರಣೆಗಳಿಗೆ ಆಮೇಲೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ವಿವರಣೆಯಲ್ಲಿ ಯಾವುದಕ್ಕೆ ಎಷ್ಟು ಜಾಗ ಸಿಕ್ಕಿದೆ ಎಂಬುದರಲ್ಲೂ ಈ ಅಭಿಪ್ರಾಯ ಕಾಣುತ್ತದೆ.

ಯಾವ ಉಕ್ಕು ಬೇಕು

ಕಬ್ಬಿಣ ಗಡಸಾಗುವುದು ಅದರಲ್ಲಿ ಬೆರೆತ ಇಂಗಾಲದಿಂದ. ಗೇಟು, ಕಿಟಕಿಗಳಿಗೆ ಬಳಸುವ ಮೆದು ಉಕ್ಕಿನಲ್ಲಿ ಇಂಗಾಲ ಶೇ. 0.3ಕ್ಕಿಂತ ಕಡಿಮೆ ಇರುತ್ತದೆ. ಅದನ್ನು ಎಷ್ಟೇ ಕಾಯಿಸಿ ಎಷ್ಟೇ ಬೇಗ ತಣಿಸಿದರೂ ಚಾಕುವಿಗೆ ಬೇಕಾದ ಗಡಸುತನ ಬರುವುದಿಲ್ಲ. ಚಾಕುವಿಗೆ ಸುಮಾರು ಶೇ. 0.6ರಿಂದ 1.0ರಷ್ಟು ಇಂಗಾಲವಿರುವ ಉಕ್ಕು ಬೇಕು. ಅಮೆರಿಕದ ಎಐಎಸ್‌ಐ ಪದ್ಧತಿಯಲ್ಲಿ ಉಕ್ಕಿಗೆ ಕೊಡುವ ನಾಲ್ಕು ಅಂಕಿಗಳ ಸಂಖ್ಯೆಯನ್ನು ಓದಲು ಕಲಿತರೆ ಅರ್ಧ ಗೊಂದಲ ಕಳೆಯುತ್ತದೆ. ಮೊದಲ ಎರಡು ಅಂಕಿಗಳು ಉಕ್ಕಿನ ಜಾತಿಯನ್ನೂ ಕೊನೆಯ ಎರಡು ಅಂಕಿಗಳು ಇಂಗಾಲದ ಪ್ರಮಾಣವನ್ನೂ ಹೇಳುತ್ತವೆ. 1084 ಎಂದರೆ ಇಂಗಾಲವನ್ನು ಬಿಟ್ಟು ಬೇರೆ ದೊಡ್ಡ ಬೆರಕೆಯಿಲ್ಲದ, ಸುಮಾರು ಶೇ. 0.84 ಇಂಗಾಲವಿರುವ ಉಕ್ಕು; 5160 ಎಂದರೆ ಸ್ವಲ್ಪ ಕ್ರೋಮಿಯಂ ಸೇರಿದ, ಸುಮಾರು ಶೇ. 0.60 ಇಂಗಾಲದ ಸ್ಪ್ರಿಂಗ್ ಉಕ್ಕು.

ಮೊದಲ ಚಾಕುಗಳಿಗೆ 1084ರಷ್ಟು ಅನುಕೂಲವಾದ ಉಕ್ಕು ಇನ್ನೊಂದಿಲ್ಲ. ಅದರ ಇಂಗಾಲದ ಪ್ರಮಾಣ ಎಂಥದ್ದೆಂದರೆ, ಸರಿಯಾದ ಶಾಖಕ್ಕೆ ಬಂದ ಕೂಡಲೇ ಇಂಗಾಲವೆಲ್ಲ ಕಬ್ಬಿಣದಲ್ಲಿ ಕರಗಿ ಸಿದ್ಧವಾಗುತ್ತದೆ. ಆ ಶಾಖದಲ್ಲಿ ಬಹಳ ಹೊತ್ತು ನಿಲ್ಲಿಸಬೇಕಾಗಿಲ್ಲ. 1095ರಲ್ಲಿ ಇಂಗಾಲ ಹೆಚ್ಚಿದ್ದು ಮ್ಯಾಂಗನೀಸ್ ಕಡಿಮೆ. ಅದನ್ನು ಇನ್ನೂ ವೇಗವಾಗಿ ತಣಿಸಬೇಕಾದ್ದರಿಂದ ಅದಕ್ಕೆಂದೇ ತಯಾರಾದ ವೇಗದ ಎಣ್ಣೆ ಬೇಕಾಗುತ್ತದೆ. ಒ1 ಎಂಬ ಉಪಕರಣದ ಉಕ್ಕು ಎಣ್ಣೆಯಲ್ಲಿ ಸುಲಭವಾಗಿ ಗಡಸಾಗುತ್ತದೆ, ಆದರೆ ಅದರ ಪೂರ್ಣ ಗುಣ ಹೊರಬರಬೇಕಾದರೆ ನಿಗದಿತ ಶಾಖದಲ್ಲಿ ಹತ್ತಾರು ನಿಮಿಷ ಏರಿಳಿತವಿಲ್ಲದೆ ಇರಿಸಬೇಕು. ಕಣ್ಣಳತೆಯ ಕುಲುಮೆಯಲ್ಲಿ ಅದು ಕಷ್ಟ. ತುಕ್ಕು ಹಿಡಿಯದ ಸ್ಟೇನ್‌ಲೆಸ್ ಜಾತಿಗಳು 1,000 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವನ್ನು, ಅದೂ ಬಿಗಿಯಾದ ನಿಯಂತ್ರಣದಲ್ಲಿ ಬೇಡುವುದರಿಂದ ಅವುಗಳ ಆಸೆಯನ್ನು ವಿದ್ಯುತ್ ಕುಲುಮೆ ಬರುವವರೆಗೆ ಬಿಟ್ಟುಬಿಡುವುದೇ ಲೇಸು.

ಗುಜರಿಯ ಉಕ್ಕಿನ ಸೆಳೆತ ಎಲ್ಲರಿಗೂ ಇರುತ್ತದೆ. ಹಳೆಯ ಸ್ಪ್ರಿಂಗ್ ಪಟ್ಟಿ, ಅರ, ಗರಗಸದ ತಟ್ಟೆಗಳಿಂದ ಒಳ್ಳೆಯ ಚಾಕುಗಳು ಆಗಿವೆ ಎಂಬುದು ನಿಜ. ಆದರೆ ಗುಜರಿಯ ತುಂಡಿನಲ್ಲಿ ಏನಿದೆ ಎಂಬುದು ತಿಳಿದಿರುವುದಿಲ್ಲ, ವರ್ಷಗಟ್ಟಲೆ ಭಾರ ಹೊತ್ತ ಸ್ಪ್ರಿಂಗಿನೊಳಗೆ ಕಣ್ಣಿಗೆ ಕಾಣದ ಬಿರುಕುಗಳಿರಬಹುದು, ಅವು ಬಯಲಾಗುವುದು ಎಷ್ಟೋ ಗಂಟೆಗಳ ಕೆಲಸ ಮುಗಿದು ಎಣ್ಣೆಗೆ ಇಳಿಸಿದಾಗ. ಕಲಿಯುವವರು ತಪ್ಪಾದಾಗ ತಪ್ಪು ಉಕ್ಕಿನದೋ ಕೈಯದೋ ಎಂದು ತಿಳಿಯಬೇಕಾದರೆ ಗೊತ್ತಿರುವ ಉಕ್ಕನ್ನೇ ಕೊಳ್ಳಬೇಕು. ಗುಜರಿಯನ್ನೇ ಬಳಸುವುದಾದರೆ ಮೊದಲು ಒಂದು ಚಿಕ್ಕ ತುಂಡನ್ನು ಕಾಯಿಸಿ, ಎಣ್ಣೆಯಲ್ಲಿ ತಣಿಸಿ, ಬಟ್ಟೆ ಸುತ್ತಿ ಕನ್ನಡಕ ಹಾಕಿಕೊಂಡು ಮುರಿದು ನೋಡಬೇಕು. ಮುರಿಯದೆ ಬಾಗಿದರೆ ಅದು ಚಾಕುವಿನ ಉಕ್ಕಲ್ಲ. ಸತುವಿನ ಲೇಪವಿರುವ ಕಬ್ಬಿಣವನ್ನಂತೂ ಕುಲುಮೆಯ ಹತ್ತಿರ ತರಲೇಬಾರದು. ಸತು 907 ಡಿಗ್ರಿಗೆ ಕುದಿಯುತ್ತದೆ, ಕುಲುಮೆಯ ಶಾಖ ಅದಕ್ಕಿಂತ ಬಹಳ ಮೇಲೆ. ಆ ಬಿಳಿ ಹೊಗೆ ಕುಡಿದವರಿಗೆ ಕೆಲವು ಗಂಟೆಗಳಲ್ಲಿ ಚಳಿಜ್ವರ ಬರುತ್ತದೆ. ಕ್ರೋಮಿಯಂ ಮತ್ತು ಕ್ಯಾಡ್ಮಿಯಂ ಲೇಪಗಳೂ ಅಪಾಯಕಾರಿಯೇ.

ಬೆಂಕಿಯ ಮನೆ

ಕುಲುಮೆಗೆ ಎರಡು ದಾರಿಗಳಿವೆ: ಇದ್ದಿಲು ಅಥವಾ ಕಲ್ಲಿದ್ದಲು ಒಂದು, ಪ್ರೊಪೇನ್‌ನಂಥ ಅನಿಲ ಇನ್ನೊಂದು. ಇದ್ದಿಲಿನ ಕುಲುಮೆಯನ್ನು ಕಟ್ಟುವುದು ಸುಲಭ. ಮಣ್ಣು ಮೆತ್ತಿ ಚೆನ್ನಾಗಿ ಒಣಗಿಸಿದ ಪೆಟ್ಟಿಗೆ, ಪಕ್ಕದಿಂದ ಒಳಬರುವ ಕಬ್ಬಿಣದ ಕೊಳವೆ, ಗಾಳಿ ಊದಲು ತಿದಿ ಅಥವಾ ಸಣ್ಣ ಬ್ಲೋವರ್ ಇದ್ದರೆ ಉಕ್ಕನ್ನು ಬಿಳಿಯಾಗುವಷ್ಟು ಕಾಯಿಸಬಹುದು. ಅದರ ತೊಂದರೆಯೆಂದರೆ ಬೆಂಕಿಯ ಒಳಗೇ ಹಲವು ವಲಯಗಳಿರುವುದು. ಕೊಳವೆಯ ಗಾಳಿ ನೇರವಾಗಿ ಬಡಿಯುವ ಕಡೆ ಆಮ್ಲಜನಕ ಹೆಚ್ಚಿರುತ್ತದೆ. ಅಲ್ಲಿ ಅಲಗನ್ನಿಟ್ಟರೆ ದಪ್ಪ ಕಿಟ್ಟ ಕಟ್ಟುತ್ತದೆ, ಮೇಲ್ಪದರದ ಇಂಗಾಲ ಸುಟ್ಟುಹೋಗುತ್ತದೆ, ತೆಳುವಾದ ಮೊನೆ ಕಿಡಿ ಕಾರುತ್ತಾ ಕರಗಿಯೇ ಹೋಗಬಹುದು. ಕೊಳವೆಗಿಂತ ಮೇಲೆ, ಕೆಂಡದ ದಪ್ಪ ಪದರದ ನಡುವೆ, ಆಮ್ಲಜನಕವೆಲ್ಲ ಆಗಲೇ ಉರಿದು ಮುಗಿದಿರುವ ಜಾಗದಲ್ಲಿ ಅಲಗನ್ನು ಇಡಬೇಕು. ಕೆಂಡ ತೆಳುವಾದಂತೆ ಈ ಒಳ್ಳೆಯ ವಲಯವೂ ಇಲ್ಲವಾಗುವುದರಿಂದ ಇದ್ದಿಲನ್ನು ಆಗಾಗ ತುಂಬುತ್ತಲೇ ಇರಬೇಕು.

ಅನಿಲದ ಕುಲುಮೆಯಲ್ಲಿ ಶಾಖ ಹೆಚ್ಚು ಸಮವಾಗಿರುತ್ತದೆ ಮತ್ತು ಕವಾಟ ತಿರುಗಿಸಿದರೆ ಹೆಚ್ಚುಕಡಿಮೆ ಮಾಡಬಹುದು. ಉಕ್ಕಿನ ಡಬ್ಬಿಯೊಳಗೆ ತಲಾ 25 ಮಿಲಿಮೀಟರ್ ದಪ್ಪದ ಸೆರಾಮಿಕ್ ಉಣ್ಣೆಯ ಎರಡು ಪದರಗಳನ್ನು ಸುತ್ತಿ, ಅದನ್ನು ಗಟ್ಟಿಗೊಳಿಸುವ ದ್ರವ ಹಚ್ಚಿ, ಮೇಲೆ ಶಾಖನಿರೋಧಕ ಗಾರೆ ಬಳಿಯುವುದು ರೂಢಿ. ಗಾರೆ ಬಳಿಯುವುದು ಚೆಂದಕ್ಕಾಗಿ ಎಂದು ತಿಳಿದು ಕೆಲವರು ಬಿಟ್ಟುಬಿಡುತ್ತಾರೆ. ಆ ಉಣ್ಣೆಯ ಎಳೆಗಳು ಉಸಿರಿನೊಂದಿಗೆ ಶ್ವಾಸಕೋಶಕ್ಕೆ ಹೋಗುವಷ್ಟು ಸಣ್ಣವು. ದೀರ್ಘಕಾಲ ಅತಿ ಶಾಖಕ್ಕೆ ಸಿಕ್ಕಾಗ ಅವುಗಳಲ್ಲಿ ಹರಳುಗಟ್ಟಿದ ಸಿಲಿಕಾ ಕೂಡ ಉಂಟಾಗುತ್ತದೆ. ಬರಿಯ ಉಣ್ಣೆಯ ಕುಲುಮೆಯನ್ನು ಉರಿಸಕೂಡದು, ಒಳಪದರ ಒಡೆದಿದ್ದರೆ ಮತ್ತೆ ಬಳಿಯದೆ ಹಚ್ಚಕೂಡದು, ಉಣ್ಣೆಯನ್ನು ಕತ್ತರಿಸುವಾಗ ಸೂಕ್ಷ್ಮ ಧೂಳನ್ನು ತಡೆಯುವ ಮುಖಗವಸು ಹಾಕಲೇಬೇಕು. ನದಿಯ ಕಲ್ಲು, ಸಾಮಾನ್ಯ ಕಾಂಕ್ರೀಟುಗಳಿಂದ ಕುಲುಮೆ ಕಟ್ಟುವುದೂ ಬೇಡ. ಒಳಗಿನ ತೇವ ಆವಿಯಾಗಿ ಅವು ಚೂರುಚೂರಾಗಿ ಸಿಡಿಯುತ್ತವೆ.

ಇಲ್ಲಿ ಒಂದು ಇಕ್ಕಟ್ಟು ಎದುರಾಗುತ್ತದೆ, ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ಉಕ್ಕಿಗೆ ಹಿತವಾದದ್ದು ಆಮ್ಲಜನಕ ಕಡಿಮೆಯಿರುವ ಬೆಂಕಿ. ಅಂಥ ಬೆಂಕಿಯಲ್ಲಿ ಇಂಧನ ಪೂರ್ತಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಹೊರಬರುತ್ತದೆ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ತಲೆನೋವು ಶುರುವಾಗುವ ಹೊತ್ತಿಗೆ ರಕ್ತದಲ್ಲಿ ಅದು ಸೇರಿಯೇ ಇರುತ್ತದೆ. ಹಾಗಾಗಿ ಕುಲುಮೆಯ ಜಾಗ ಎರಡು ಕಡೆಯಾದರೂ ತೆರೆದಿರಬೇಕು. ಮಾಡು ಮಾತ್ರ ಇರುವ ಚಪ್ಪರ ಎಲ್ಲಕ್ಕಿಂತ ಉತ್ತಮ. ಮುಚ್ಚಿದ ಕೋಣೆಯಲ್ಲಿ ಒಂದು ಕಿಟಕಿ ತೆರೆದುಕೊಂಡು ಕೆಲಸ ಮಾಡುವುದನ್ನು ನಾನು ಯಾರಿಗೂ ಒಪ್ಪಲಾರೆ. ಮೊನಾಕ್ಸೈಡ್ ಪತ್ತೆ ಮಾಡುವ ಸಾಧನವನ್ನು ಉಸಿರಾಡುವ ಎತ್ತರದಲ್ಲಿ ಇಟ್ಟುಕೊಳ್ಳುವುದು ಸುತ್ತಿಗೆ ಕೊಳ್ಳುವುದಕ್ಕಿಂತ ಮೊದಲಿನ ಖರ್ಚು. ಪ್ರೊಪೇನ್ ಗಾಳಿಗಿಂತ ಭಾರವಾದ್ದರಿಂದ ಸೋರಿದರೆ ಮೇಲೇರದೆ ನೆಲದ ತಗ್ಗಿನಲ್ಲಿ ನಿಲ್ಲುತ್ತದೆ. ಕೊಳವೆಯ ಪ್ರತಿ ಕೂಡುಗೆಯನ್ನೂ ಸಾಬೂನು ನೀರು ಹಚ್ಚಿ ಪರೀಕ್ಷಿಸಬೇಕು, ಕೆಲಸ ಮುಗಿದ ಮೇಲೆ ಸಿಲಿಂಡರಿನ ಕವಾಟವನ್ನೇ ಮುಚ್ಚಬೇಕು. ಬೆಂಕಿ, ಗದ್ದಲ ಮತ್ತು ಅಲಗಿನ ಉದ್ದಕ್ಕೆ ಸಂಬಂಧಿಸಿದ ನಿಯಮಗಳು ಒಂದೊಂದು ಕಡೆ ಒಂದೊಂದು ಬಗೆಯಾಗಿರುವುದರಿಂದ ಕುಲುಮೆ ಹಚ್ಚುವ ಮೊದಲೇ ಅವನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಅಡೆಗಲ್ಲಿನ ವಿಷಯಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕೊಂಬು, ತೂತುಗಳಿರುವ ದೊಡ್ಡ ಅಡೆಗಲ್ಲು ಚಾಕುವಿಗೆ ಅನಿವಾರ್ಯವಲ್ಲ. ಸುತ್ತಿಗೆಯ ಪೆಟ್ಟಿನ ನೇರ ಕೆಳಗೆ ಎಷ್ಟು ತೂಕವಿದೆ ಎಂಬುದೇ ಮುಖ್ಯ. ರೈಲು ಕಂಬಿಯ ತುಂಡನ್ನು ಅಡ್ಡ ಮಲಗಿಸುವುದಕ್ಕಿಂತ ನೆಟ್ಟಗೆ ನಿಲ್ಲಿಸಿ ಹೂಳಿದರೆ ಅದು ಹೆಚ್ಚು ಚೆನ್ನಾಗಿ ಕೆಲಸ ಮಾಡುವುದು ಇದೇ ಕಾರಣಕ್ಕೆ. ಕೈ ಇಳಿಬಿಟ್ಟು ಮುಷ್ಟಿ ಹಿಡಿದಾಗ ಗೆಣ್ಣುಗಳು ಎಲ್ಲಿಗೆ ಬರುತ್ತವೆಯೋ ಅಷ್ಟು ಎತ್ತರ ಸಾಕು. ಒಂದರಿಂದ ಒಂದೂವರೆ ಕಿಲೋ ತೂಕದ, ಮುಖದ ಅಂಚುಗಳನ್ನು ಉಜ್ಜಿ ದುಂಡಾಗಿಸಿದ ಸುತ್ತಿಗೆ, ಪಟ್ಟಿಯನ್ನು ಅಲುಗದಂತೆ ಹಿಡಿಯುವ ಇಕ್ಕಳ, ಹತ್ತಿಯ ಬಟ್ಟೆ, ಚರ್ಮದ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಇವಿಷ್ಟಿದ್ದರೆ ಕೆಲಸ ಶುರು ಮಾಡಬಹುದು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಕೆಂಪಗಿರುವ ಕಬ್ಬಿಣವನ್ನು ಯಾರೂ ಮುಟ್ಟುವುದಿಲ್ಲ. ಕೈ ಸುಡುವುದು 400 ಡಿಗ್ರಿಯಲ್ಲಿದ್ದೂ ತಣ್ಣಗಿರುವಂತೆ ಕಪ್ಪಗೆ ಕಾಣುವ ಕಬ್ಬಿಣದಿಂದ. ನೆಲದ ಮೇಲೆ ಬಿದ್ದ ಯಾವ ತುಂಡನ್ನಾದರೂ ಎತ್ತುವ ಮೊದಲು ಅಂಗೈಯ ಹಿಂಬದಿಯನ್ನು ಅದರ ಹತ್ತಿರ ಒಯ್ದು ಬಿಸಿ ತಾಗುತ್ತದೆಯೇ ಎಂದು ನೋಡುವ ಅಭ್ಯಾಸ ಬೇಕು.

ಬಡಿಯುವಾಗ ಉಕ್ಕು ಎತ್ತ ಹೋಗುತ್ತದೆ

1084ರಂಥ ಉಕ್ಕನ್ನು ಬಡಿಯಲು ಪ್ರಶಸ್ತವಾದ ಶಾಖ ಸುಮಾರು 900ರಿಂದ 1,100 ಡಿಗ್ರಿ. ನೆರಳಿನಲ್ಲಿ ನೋಡಿದರೆ ಕಿತ್ತಳೆಯಿಂದ ಹಳದಿಗೆ ತಿರುಗುವ ಬಣ್ಣ ಅದು. ಕಡುಗೆಂಪಿಗೆ ಇಳಿದ ಮೇಲೂ ಬಡಿಯುತ್ತಲೇ ಇದ್ದರೆ ಉಕ್ಕಿನೊಳಗೆ ಬಿರುಕು ಹುಟ್ಟುತ್ತದೆ. ಬಿಳಿಗೆ ಏರಿ ಕಿಡಿ ಹಾರಿದರೆ ಆ ಭಾಗ ಸುಟ್ಟುಹೋಗಿದೆ ಎಂದೇ ಅರ್ಥ, ಅದನ್ನು ಕತ್ತರಿಸಿ ಎಸೆಯದೆ ಬೇರೆ ದಾರಿಯಿಲ್ಲ. ಬಿಸಿಲಿನಲ್ಲಿ ಬಣ್ಣವೇ ಕಾಣದಿರುವುದರಿಂದ ಕುಲುಮೆ ಯಾವಾಗಲೂ ನೆರಳಿನಲ್ಲಿರಬೇಕು.

ಮೊದಲು ಮೊನೆ, ಆಮೇಲೆ ಹಿಡಿಯೊಳಗೆ ಸೇರುವ ಬಾಲ, ಕೊನೆಗೆ ಬೆನ್ನಿನಿಂದ ಬಾಯಿಯ, ಅಂದರೆ ಹರಿತದ ಅಂಚಿನ, ಕಡೆಗೆ ತೆಳುವಾಗುವ ಇಳಿಜಾರು, ಇದು ಸಾಮಾನ್ಯ ಕ್ರಮ. ಇಳಿಜಾರು ಬಡಿಯುವಾಗ ಹೊಸಬರನ್ನು ಕಂಗೆಡಿಸುವ ಸಂಗತಿಯೊಂದು ನಡೆಯುತ್ತದೆ: ನೇರವಾಗಿದ್ದ ಪಟ್ಟಿ ಬೆನ್ನಿನ ಕಡೆಗೆ ಬಾಗತೊಡಗುತ್ತದೆ, ಬಾಯಿ ಉಬ್ಬಿ ಬಿಲ್ಲಿನಂತೆ ಹೊರಚಾಚುತ್ತದೆ. ಉಕ್ಕು ಎಲ್ಲಿಗೂ ಮಾಯವಾಗುವುದಿಲ್ಲ. ಬಾಯಿಯ ಕಡೆ ತೆಳುವಾದಷ್ಟು ಅಲ್ಲಿ ಉದ್ದ ಹೆಚ್ಚುತ್ತದೆ, ಬೆನ್ನು ಇದ್ದಷ್ಟೇ ಇರುತ್ತದೆ, ಆದ್ದರಿಂದ ಪಟ್ಟಿ ಬಾಗಲೇಬೇಕು. ಇದನ್ನು ಮೊದಲೇ ಲೆಕ್ಕ ಹಾಕಿ, ಇಳಿಜಾರು ಶುರು ಮಾಡುವ ಮುನ್ನ ಪಟ್ಟಿಯನ್ನು ಬಾಯಿಯ ಕಡೆಗೆ ಸ್ವಲ್ಪ ಬಾಗಿಸಿಟ್ಟುಕೊಂಡರೆ ಬಡಿದಂತೆಲ್ಲ ಅದು ತಾನಾಗಿ ನೇರಕ್ಕೆ ಬರುತ್ತದೆ. ಹಾಗೆ ಮಾಡದಿದ್ದರೆ ಪ್ರತಿ ಸಲ ಕಾಯಿಸಿದಾಗಲೂ ಬೆನ್ನನ್ನು ಮರದ ದಿಮ್ಮಿಯ ಮೇಲೆ ಕೆಳಗಾಗಿಸಿ ಬಾಯಿಯ ಮೇಲೆ ಮರದ ಸುತ್ತಿಗೆಯಿಂದ ಬಡಿದು ನೇರಮಾಡಬೇಕು. ಎರಡು ಮುಖಗಳನ್ನೂ ಸಮನಾಗಿ ಬಡಿಯಬೇಕು; ಒಂದೇ ಮುಖಕ್ಕೆ ಪೆಟ್ಟು ಹೆಚ್ಚಾದರೆ ಆ ಅಸಮತೆ ತಣಿಸುವಾಗ ಡೊಂಕಾಗಿ ಹೊರಬರುತ್ತದೆ. ಬಡಿದು ಮುಗಿಸಿದಾಗ ಬಾಯಿ ಎರಡು ಮಿಲಿಮೀಟರಿನಷ್ಟಾದರೂ ದಪ್ಪವಿರಲಿ. ಇಂಗಾಲ ಕಳೆದುಕೊಂಡ ಮೇಲ್ಪದರವನ್ನು ಆಮೇಲೆ ಉಜ್ಜಿ ತೆಗೆಯಲು ಆ ದಪ್ಪ ಬೇಕಾಗುತ್ತದೆ.

ಹರಳುಗಳನ್ನು ಸಣ್ಣದು ಮಾಡುವುದು

ಉಕ್ಕು ಅಸಂಖ್ಯ ಹರಳುಗಳ ರಾಶಿ. ಬಡಿಯುವ ಶಾಖದಲ್ಲಿ ಈ ಹರಳುಗಳು ಬೆಳೆಯುತ್ತವೆ, ಮತ್ತು ದೊಡ್ಡ ಹರಳುಗಳ ಉಕ್ಕು ಸುಲಭವಾಗಿ ಮುರಿಯುತ್ತದೆ. ಅತಿಯಾಗಿ ಕಾದ ಅಲಗನ್ನು ಮುರಿದು ನೋಡಿದರೆ ಮುರಿದ ಮುಖ ದಪ್ಪ ಸಕ್ಕರೆಯಂತೆ ಮಿನುಗುತ್ತದೆ; ಸರಿಯಾದ ಉಕ್ಕಿನ ಮುಖ ಹೊಳಪಿಲ್ಲದ ನುಣುಪಾದ ಬೂದು ಬಣ್ಣದ್ದು, ಅದರಲ್ಲಿ ಹರಳು ಬರಿಗಣ್ಣಿಗೆ ಕಾಣುವುದಿಲ್ಲ.

ಹರಳುಗಳನ್ನು ಸಣ್ಣದು ಮಾಡುವ ಉಪಾಯ ಸರಳವಾದದ್ದು. ಉಕ್ಕು ಸುಮಾರು 727 ಡಿಗ್ರಿಯನ್ನು ದಾಟುವಾಗ ಅದರ ಒಳರಚನೆ ಪೂರ್ತಿ ಬದಲಾಗಿ ಹೊಸ ಹರಳುಗಳು ಹುಟ್ಟುತ್ತವೆ. ಆ ಗೆರೆಯನ್ನು ಮತ್ತೆ ಮತ್ತೆ ದಾಟಿಸಿ, ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ ಶಾಖಕ್ಕೆ ನಿಲ್ಲಿಸಿದರೆ ಹೊಸ ಹರಳುಗಳಿಗೆ ಬೆಳೆಯಲು ಅವಕಾಶವೇ ಸಿಗುವುದಿಲ್ಲ. ಮೊದಲ ಸಲ ಸುಮಾರು 870, ಎರಡನೆಯ ಸಲ 830, ಮೂರನೆಯ ಸಲ 790 ಡಿಗ್ರಿಗೆ ಕಾಯಿಸಿ, ಪ್ರತಿ ಸಲವೂ ನಿಂತ ಗಾಳಿಯಲ್ಲಿ ಕಪ್ಪಾಗುವವರೆಗೆ ಆರಲು ಬಿಡುವುದು 1084ಕ್ಕೆ ಒಗ್ಗುವ ಪದ್ಧತಿ. ಆರುವಾಗ ಅಲಗನ್ನು ತಣ್ಣನೆಯ ಕಬ್ಬಿಣದ ಮೇಲೆ ಮಲಗಿಸಬಾರದು, ಒಂದು ಮುಖ ಬೇಗ ತಣಿದು ಡೊಂಕಾಗುತ್ತದೆ. ಬಡಿತದಿಂದ ಉಕ್ಕಿನೊಳಗೆ ಉಳಿದ ಬಿಗಿತವೂ ಇದರಿಂದ ಸಡಿಲಗೊಳ್ಳುವುದರಿಂದ ಮುಂದಿನ ಹಂತದಲ್ಲಿ ಅಲಗು ತಿರುಚಿಕೊಳ್ಳುವ ಸಂಭವ ಕಡಿಮೆಯಾಗುತ್ತದೆ. ಅರ್ಧ ಗಂಟೆಯೂ ಹಿಡಿಯದ ಈ ಕೆಲಸವನ್ನು ಬಿಟ್ಟುಬಿಡುವವರೇ ಹೆಚ್ಚು. ಇಡೀ ವಿದ್ಯೆಯಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಡುವ ಹಂತ ಬೇರೊಂದಿಲ್ಲ.

ತಣಿಸುವ ಕ್ಷಣ

ಈಗ ಮುಖ್ಯ ಘಟ್ಟ. 727 ಡಿಗ್ರಿಯ ಮೇಲೆ ಕಬ್ಬಿಣದ ಪರಮಾಣುಗಳ ಜೋಡಣೆಯಲ್ಲಿ ಇಂಗಾಲಕ್ಕೆ ಜಾಗವಿರುತ್ತದೆ, ಅದು ಕರಗಿ ಸೇರಿಕೊಳ್ಳುತ್ತದೆ. ನಿಧಾನವಾಗಿ ಆರಲು ಬಿಟ್ಟರೆ ಇಂಗಾಲ ಹೊರಬಂದು ಪದರ ಪದರವಾಗಿ ಬೇರ್ಪಡುತ್ತದೆ, ಉಕ್ಕು ಮೆದುವಾಗುತ್ತದೆ. ಇಂಗಾಲಕ್ಕೆ ಹೊರಬರಲು ಹೊತ್ತೇ ಕೊಡದೆ ತಣಿಸಿದರೆ ಅದು ಒಳಗೇ ಸಿಕ್ಕಿಕೊಂಡು ಪರಮಾಣುಗಳ ಜೋಡಣೆಯನ್ನು ಹಿಗ್ಗಿಸಿ ಬಿಗಿಗೊಳಿಸುತ್ತದೆ. ಮಾರ್ಟೆನ್‌ಸೈಟ್ ಎಂದು ಕರೆಯುವ ಈ ರಚನೆಯೇ ಚಾಕುವಿನ ಗಡಸುತನ. 1084ರಲ್ಲಿ ಇಂಗಾಲ ಹೊರಬರುವ ಆತುರ ಹೆಚ್ಚಿರುವುದು 540 ಡಿಗ್ರಿಯ ಆಸುಪಾಸಿನಲ್ಲಿ. ಉಕ್ಕು ಒಂದು ಸೆಕೆಂಡಿನ ಆಸುಪಾಸಿನಲ್ಲೇ ಆ ಶಾಖವನ್ನು ದಾಟಿ ಕೆಳಗಿಳಿಯಬೇಕು. ಎಣ್ಣೆಯ ಪಾತ್ರೆ ಕುಲುಮೆಯಿಂದ ಒಂದು ಹೆಜ್ಜೆಯೊಳಗೆ ಇರಬೇಕೆನ್ನುವುದು ಇದಕ್ಕಾಗಿಯೇ.

ಹಾಗಾದರೆ ಎಷ್ಟು ಕಾಯಿಸಬೇಕು? 1084ಕ್ಕೆ 800ರಿಂದ 815 ಡಿಗ್ರಿ. ಕಡಿಮೆಯಾದರೆ ಇಂಗಾಲ ಪೂರ್ತಿ ಕರಗುವುದಿಲ್ಲ, ಹೆಚ್ಚಾದರೆ ಈಗಷ್ಟೇ ಸಣ್ಣದು ಮಾಡಿದ ಹರಳುಗಳು ಮತ್ತೆ ಬೆಳೆಯುತ್ತವೆ. ಬಣ್ಣವನ್ನು ನಂಬಿ ಅಂದಾಜು ಮಾಡುವುದು ಬೆಳಕು ಬದಲಾದಂತೆಲ್ಲ ಮೋಸ ಮಾಡುತ್ತದೆ. ಎಲ್ಲರೂ ಹೇಳುವ ಉಪಾಯ ಅಯಸ್ಕಾಂತ: ಉಕ್ಕು ಹೆಚ್ಚೆಂದರೆ 770 ಡಿಗ್ರಿಗೆ ಅಯಸ್ಕಾಂತಕ್ಕೆ ಅಂಟುವುದನ್ನು ನಿಲ್ಲಿಸುತ್ತದೆ. ಆದರೆ ಅಂಟದೆ ಹೋದ ಕೂಡಲೇ ಎಣ್ಣೆಗೆ ಇಳಿಸುವುದು ಬಹಳ ಸಾಮಾನ್ಯವಾದ ತಪ್ಪು. ಅಲ್ಲಿಂದ ಇನ್ನೂ 30ರಿಂದ 45 ಡಿಗ್ರಿ ಮೇಲೇರಬೇಕು. ಆ ಮೇಲಿನ ಗುರುತನ್ನು ತಿಳಿಯಲು ಅಡುಗೆ ಉಪ್ಪು ನೆರವಾಗುತ್ತದೆ. ಉಪ್ಪು ಕರಗುವುದು 801 ಡಿಗ್ರಿಗೆ. ಅದೇ ಉಕ್ಕಿನ ಬೇಡದ ತುಂಡೊಂದನ್ನು ಕಾಯಿಸಿ, ಮೇಲೆ ನಾಲ್ಕು ಹರಳು ಉಪ್ಪು ಉದುರಿಸಿ, ಅದು ದ್ರವವಾಗಿ ಹರಡುವ ಕ್ಷಣದಲ್ಲಿ ಉಕ್ಕಿನ ಬಣ್ಣ ಹೇಗಿದೆ ಎಂದು ಅಂದಿನ ಬೆಳಕಿನಲ್ಲಿ ಕಣ್ಣಿಗೆ ರೂಢಿ ಮಾಡಿಕೊಂಡರೆ ಆ ದಿನದ ಮಟ್ಟಿಗೆ ನಂಬಬಹುದಾದ ಅಳತೆ ಸಿಕ್ಕಿತು.

ಇನ್ನೊಂದು ಗುರುತು ಉಕ್ಕಿನಲ್ಲೇ ಇದೆ, ಮತ್ತು ಅದನ್ನು ನೋಡಲು ಕಲಿಯುವುದು ಈ ಕೆಲಸದ ದೊಡ್ಡ ಸಂತೋಷಗಳಲ್ಲೊಂದು. ಮುಸ್ಸಂಜೆಯ ಮಂದ ಬೆಳಕಿನಲ್ಲಿ ಅಲಗನ್ನು ನಿಧಾನವಾಗಿ ಕಾಯಿಸಿದರೆ, ಒಂದೇ ಸಮ ಬೆಳಗುತ್ತಿದ್ದ ಉಕ್ಕಿನ ಮೇಲೆ ಸ್ವಲ್ಪ ಹೊತ್ತು ಕಪ್ಪು ನೆರಳುಗಳು ಹರಿದಾಡುತ್ತವೆ. ಒಳರಚನೆ ಬದಲಾಗುತ್ತಿರುವ ಭಾಗ ಶಾಖವನ್ನು ಹೀರಿಕೊಳ್ಳುವುದರಿಂದ ಪಕ್ಕದ ಭಾಗಕ್ಕಿಂತ ಮಬ್ಬಾಗಿ ಕಾಣುತ್ತದೆ. ನೆರಳು ತೆಳುವಾದ ಮೊನೆಯಲ್ಲಿ ಮೊದಲು ಕಾಣಿಸಿ, ದಪ್ಪವಾದ ಬೆನ್ನಿನ ಕಡೆಗೆ ಸರಿದು ಕೊನೆಗೆ ಇಲ್ಲವಾಗುತ್ತದೆ. ಅಲಗಿನ ಯಾವ ಭಾಗದಲ್ಲೂ ನೆರಳು ಉಳಿಯದೆ, ಬಣ್ಣ ಇನ್ನೊಂದು ಛಾಯೆ ಮೇಲೇರಿ ಎಲ್ಲೆಡೆ ಸಮನಾದಾಗ ಉಕ್ಕು ಸಿದ್ಧವಾಗಿದೆ. ಹೊರಗೆ ತೆಗೆದು ಆರಲು ಬಿಟ್ಟರೆ ಇದೇ ನಾಟಕ ತಿರುವುಮುರುವಾಗಿ ನಡೆಯುತ್ತದೆ: ಮಬ್ಬಾಗುತ್ತಿದ್ದ ಅಲಗು ಒಂದು ಹಂತದಲ್ಲಿ ತಾನೇ ಮತ್ತೆ ಬೆಳಗುತ್ತದೆ. ಹರಳು ಸಣ್ಣದು ಮಾಡುವ ಮೂರು ಸುತ್ತುಗಳಲ್ಲೇ ಇದನ್ನು ನೋಡಿ ಅಭ್ಯಾಸ ಮಾಡಿಕೊಳ್ಳಬಹುದು. ಬೆಂಕಿಯ ಏರಿಳಿತ ಅಲಗಿಗೆ ನೇರ ತಾಗದಂತೆ, ಒಂದು ತುದಿ ಮುಚ್ಚಿದ ದಪ್ಪ ಉಕ್ಕಿನ ಕೊಳವೆಯನ್ನು ಕುಲುಮೆಯೊಳಗಿಟ್ಟು ಅದರೊಳಗೆ ಅಲಗನ್ನು ಕಾಯಿಸಿದರೆ ಶಾಖ ಸಮವಾಗುತ್ತದೆ. ಹೆಚ್ಚಿನ ಶಾಖವನ್ನು ಅಳೆಯುವ ಕೆ ಮಾದರಿಯ ಥರ್ಮೊಕಪಲ್ ಒಂದನ್ನು ಜೊತೆಗಿಟ್ಟರೆ ಅಂದಾಜಿನ ಕೆಲಸವೇ ಉಳಿಯುವುದಿಲ್ಲ.

1084ಕ್ಕೆ ಕ್ಯಾನೋಲಾದಂಥ ಅಡುಗೆ ಎಣ್ಣೆ ಸಾಕು. ಅದನ್ನು 50ರಿಂದ 60 ಡಿಗ್ರಿಗೆ ಬಿಸಿ ಮಾಡಿಟ್ಟರೆ ತೆಳುವಾಗಿ ಅಲಗಿನ ಸುತ್ತ ಬೇಗ ಹರಿಯುತ್ತದೆ, ತಣ್ಣನೆಯ ಎಣ್ಣೆಗಿಂತ ಚೆನ್ನಾಗಿ ತಣಿಸುತ್ತದೆ. ಬಳಸಿ ಬಿಟ್ಟ ಎಂಜಿನ್ ಎಣ್ಣೆಯ ಹೊಗೆ ವಿಷಕಾರಿ, ಅದು ಬೇಡ. ನೀರಂತೂ ಚಾಕುವಿನ ತೆಳು ಅಲಗಿಗೆ ತೀರ ಕಠಿಣ. ಟಿಣ್ ಎಂಬ ಸಣ್ಣ ಸದ್ದಿನೊಂದಿಗೆ ಅಲಗು ಬಿರುಕುಬಿಡುವ ಸಾಧ್ಯತೆ ಹೆಚ್ಚು. ಎಣ್ಣೆಯ ಪಾತ್ರೆ ಲೋಹದ್ದು, ಉರುಳದಷ್ಟು ಭಾರವಾದದ್ದು, ಗಟ್ಟಿ ಮುಚ್ಚಳವಿರುವಂಥದ್ದು ಆಗಿರಬೇಕು. ಸಣ್ಣ ಚಾಕುವಿಗೂ ನಾಲ್ಕು ಲೀಟರ್ ಎಣ್ಣೆ ಇರಲಿ. ಅಲಗನ್ನು ತಡವರಿಸದೆ ಪೂರ್ತಿ ಮುಳುಗಿಸಬೇಕು. ಅರ್ಧ ಮುಳುಗಿ ಅರ್ಧ ಹೊರಗುಳಿದರೆ ಎಣ್ಣೆಯ ಆವಿಗೆ ಬೆಂಕಿ ಹತ್ತುತ್ತದೆ. ಹತ್ತಿದರೆ ಮುಚ್ಚಳ ಹಾಕಬೇಕು, ನೀರು ಸುರಿಯಕೂಡದು.

ಮುಳುಗಿಸಿದ ಮೇಲೆ ಅಲಗನ್ನು ಮೇಲೆ ಕೆಳಗೆ, ಅಥವಾ ಹೆಚ್ಚುವಾಗ ಚಲಿಸುವಂತೆ ಬೆನ್ನು ಬಾಯಿಗಳ ದಿಕ್ಕಿನಲ್ಲಿ ಆಡಿಸಬಹುದು. ಅಡ್ಡಡ್ಡ ಆಡಿಸಿದರೆ ಒಂದು ಮುಖ ಬೇಗ ತಣಿದು ಅಲಗು ತಿರುಚಿಕೊಳ್ಳುತ್ತದೆ. ಎಣ್ಣೆಯ ಕುದಿತ ನಿಂತ ಮೇಲೆ, ಅಂದರೆ ಹತ್ತು ಸೆಕೆಂಡಿನ ಸುಮಾರಿಗೆ ಹೊರತೆಗೆದಾಗ ಉಕ್ಕು 200 ಡಿಗ್ರಿಯ ಹತ್ತಿರ ಇರುತ್ತದೆ. ಗಡಸಾಗುವ ಬದಲಾವಣೆ ಶುರುವಾಗುವುದೇ ಸುಮಾರು ಅಲ್ಲಿಂದ ಕೆಳಗೆ. ಆದ್ದರಿಂದ ಆ ಕೆಲವು ಕ್ಷಣ ಅಲಗು ಇನ್ನೂ ಬಗ್ಗುತ್ತದೆ. ಬೆನ್ನಿನುದ್ದಕ್ಕೂ ಕಣ್ಣು ಹಾಯಿಸಿ ಡೊಂಕು ಕಂಡರೆ ಚರ್ಮದ ಕೈಗವಸಿನಿಂದ ಹಿಡಿದು ಮೆಲ್ಲನೆ ನೇರಮಾಡಬಹುದು, ಇಲ್ಲವೇ ಎರಡು ಸಮತಟ್ಟಾದ ಲೋಹದ ಹಲಗೆಗಳ ನಡುವೆ ಬಿಗಿದು ಆರಲು ಬಿಡಬಹುದು. ಕೈಗೆ ಸಿಗುವಷ್ಟು ತಣ್ಣಗಾದ ಮೇಲೆ ಅದೇ ಅಲಗನ್ನು ಬಗ್ಗಿಸಲು ಹೋದರೆ ಎರಡು ತುಂಡಾಗುತ್ತದೆ.

ಬಾಯಿಯ ಮೇಲೆ ಅರವನ್ನು ಎಳೆದು ನೋಡಿದರೆ ಫಲಿತಾಂಶ ತಿಳಿಯುತ್ತದೆ. ಗಡಸಾಗಿದ್ದರೆ ಅರ ಕಚ್ಚದೆ ಜಾರುತ್ತದೆ. ಮೊದಲ ಎಳೆತಕ್ಕೆ ಸ್ವಲ್ಪ ಕಚ್ಚಿದರೆ ಗಾಬರಿಯಾಗಬೇಕಾಗಿಲ್ಲ, ಅದು ಇಂಗಾಲ ಕಳೆದುಕೊಂಡ ತೆಳು ಮೇಲ್ಪದರವಿರಬಹುದು; ಅದೇ ಜಾಗದಲ್ಲಿ ಇನ್ನೂ ನಾಲ್ಕಾರು ಸಲ ಎಳೆದರೆ ಕೆಳಗಿನ ಗಡಸು ಉಕ್ಕು ಸಿಗಬೇಕು. ಆಗಲೂ ಕಚ್ಚುತ್ತಿದ್ದರೆ ಶಾಖ ಸಾಲದಾಗಿತ್ತು, ಇಲ್ಲವೇ ಕುಲುಮೆಯಿಂದ ಎಣ್ಣೆಗೆ ಒಯ್ಯುವಾಗ ತಡವಾಯಿತು. ಹರಳು ಸಣ್ಣದು ಮಾಡುವ ಹಂತದಿಂದ ಮತ್ತೆ ಶುರು ಮಾಡಬೇಕು.

ಹದ, ಸಾಣೆ, ಹಿಡಿ

ಈ ಸ್ಥಿತಿಯಲ್ಲಿ ಅಲಗಿನ ಗಡಸುತನ ರಾಕ್‌ವೆಲ್ ಸಿ ಮಾಪಕದಲ್ಲಿ 64–65ರಷ್ಟಿರುತ್ತದೆ, ನೆಲಕ್ಕೆ ಬಿದ್ದರೂ ಒಡೆಯಬಲ್ಲಷ್ಟು ಪೆಡಸಾಗಿರುತ್ತದೆ. ಕೈಬಿಸಿಗೆ ಆರಿದ ಕೂಡಲೇ, ಮರುದಿನಕ್ಕೆ ಮುಂದೂಡದೆ, ಅದನ್ನು ಹದಕ್ಕೆ ಇಡಬೇಕು. ಅಡುಗೆಮನೆಯ ಓವನ್ನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಪೂರ್ತಿ ಆರಿಸಿ, ಮತ್ತೆ ಎರಡು ಗಂಟೆ ಇಟ್ಟರೆ 1084ರ ಗಡಸುತನ ಸುಮಾರು 60ಕ್ಕೆ ಇಳಿದು ಅಲಗು ತಾಳಿಕೆ ಪಡೆಯುತ್ತದೆ. ಎರಡನೆಯ ಸುತ್ತು ಸುಮ್ಮನೆ ಅಲ್ಲ. ಮೊದಲ ಸುತ್ತಿನ ನಂತರ ಆರುವಾಗ ಉಳಿದಿದ್ದ ಹಳೆಯ ರಚನೆಯ ಸ್ವಲ್ಪ ಭಾಗ ಹೊಸದಾಗಿ ಗಡಸಾಗಿರಬಹುದು, ಅದನ್ನೂ ಹದಗೊಳಿಸಬೇಕು. ಓವನ್ನಿನ ಗುಂಡಿಯ ಮೇಲಿನ ಅಂಕಿಯನ್ನು ನಂಬಬಾರದು. ಬೇರೆ ಥರ್ಮಾಮೀಟರ್ ಒಳಗಿಟ್ಟು ನೋಡಬೇಕು ಮತ್ತು ಅಲಗನ್ನು ಮರಳು ತುಂಬಿದ ತಟ್ಟೆಯಲ್ಲಿ ಹೂಳಿದರೆ ಏರಿಳಿತ ತಾಗುವುದಿಲ್ಲ. ಉಜ್ಜಿದ ಉಕ್ಕಿನ ಮೇಲೆ ಮೂಡುವ ತಿಳಿ ಹಳದಿ, ಕಂದು, ನೇರಳೆ, ನೀಲಿ ಬಣ್ಣಗಳು ಶಾಖದ ಸೂಚನೆಗಳು ನಿಜ, ಆದರೆ ಎಷ್ಟು ಹೊತ್ತು ಇಟ್ಟಿದ್ದೀರಿ ಎಂಬುದರ ಮೇಲೂ ಅವು ಬದಲಾಗುವುದರಿಂದ ಅವನ್ನೇ ಅಳತೆಯಾಗಿ ಹಿಡಿಯಲಾಗದು. ಜಜ್ಜಿ ಕಡಿಯುವ ಭಾರದ ಮಚ್ಚಿಗೆ 230–250 ಡಿಗ್ರಿಯ ಹದ ಮೇಲು.

ಸಾಣೆಯ ಕೆಲಸದ ಬಹುಭಾಗವನ್ನು ತಣಿಸುವ ಮೊದಲೇ, ಬಾಯಿಯಲ್ಲಿ ಒಂದು ಮಿಲಿಮೀಟರಿನಷ್ಟು ದಪ್ಪ ಉಳಿಸಿ ಮುಗಿಸಿಕೊಳ್ಳಬೇಕು. ಅದಕ್ಕಿಂತ ತೆಳುವಾದ ಬಾಯಿ ಎಣ್ಣೆಯಲ್ಲಿ ಅಲೆಯಲೆಯಾಗಿ ಸುಕ್ಕುಗಟ್ಟುತ್ತದೆ. ಹದದ ನಂತರ ಉಜ್ಜುವಾಗ ಕೈಗವಸಿಲ್ಲದ ಬೆರಳುಗಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದುತ್ತಿರಬೇಕು. ಬಾಯಿಯಲ್ಲಿ ನೀಲಿ ಬಣ್ಣ ಕಂಡಿತೆಂದರೆ ಅಲ್ಲಿಯ ಉಕ್ಕು 300 ಡಿಗ್ರಿಯ ಸುಮಾರಿಗೆ ಹೋಗಿ ಮೆದುವಾಗಿದೆ, ಅಷ್ಟನ್ನು ಉಜ್ಜಿ ತೆಗೆಯಬೇಕು. ಅಡುಗೆಯ ಚಾಕುವಿಗೆ ಹರಿತ ಹಾಕುವ ಮುನ್ನ ಬಾಯಿಯ ಹಿಂದಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಕಡಿಮೆಯಿದ್ದು, ಪ್ರತಿ ಮುಖಕ್ಕೂ ಸುಮಾರು 15 ಡಿಗ್ರಿಯ ಕೋನ ಕೊಟ್ಟರೆ ಚೆನ್ನಾಗಿ ಕತ್ತರಿಸುತ್ತದೆ. ಹೊಳಪು ಕೊಡುವ ಬಟ್ಟೆಚಕ್ರ ನಿರುಪದ್ರವಿಯಂತೆ ಕಂಡರೂ ಅಲಗನ್ನು ಕಿತ್ತು ಎಸೆಯುವ ಯಂತ್ರ ಅದು; ಕಲಿಯುವವರು ಅದನ್ನು ಬಿಟ್ಟು ಕೈಯಿಂದಲೇ ಮರಳು ಕಾಗದ ಹಾಕುವುದು ಕ್ಷೇಮ. ಹಿಡಿಗೆ ಚೆನ್ನಾಗಿ ಒಣಗಿದ ಮರ, ಎಪಾಕ್ಸಿ ಅಂಟು, ಎರಡು ಹಿತ್ತಾಳೆಯ ಕಡ್ಡಿಗಳು ಸಾಕು. ಕಡ್ಡಿಗಳ ತೂತನ್ನು ಮಾತ್ರ ತಣಿಸುವ ಮೊದಲೇ ಕೊರೆದಿರಬೇಕು, ಆಮೇಲೆ ಡ್ರಿಲ್ಲು ಕಚ್ಚುವುದಿಲ್ಲ.

ಚಾಕು ಮುಗಿದ ಮೇಲೆ ಅದು ಸರಿಯಾಗಿದೆಯೇ ಎಂದು ತಿಳಿಯಲು ಆರು ಮಿಲಿಮೀಟರ್ ದಪ್ಪದ ಹಿತ್ತಾಳೆಯ ಸರಳೊಂದು ಬೇಕು. ಅದನ್ನು ಗಟ್ಟಿಯಾಗಿ ಬಿಗಿದು, ಬಾಯಿಯನ್ನು ಹರಿತ ಹಾಕುವ ಕೋನದಲ್ಲೇ ಅದರ ಮೇಲಿಟ್ಟು ಒತ್ತುತ್ತಾ ಎಳೆದರೆ ತೆಳುವಾದ ಬಾಯಿ ಸರಳಿನ ಮೇಲೆ ಬಾಗುವುದು ಕಣ್ಣಿಗೆ ಕಾಣುತ್ತದೆ. ಸರಳನ್ನು ದಾಟಿದ ಮೇಲೆ ಬಾಯಿ ತಾನಾಗಿ ನೇರಕ್ಕೆ ಮರಳಿದರೆ ಹದ ಸರಿಯಾಗಿದೆ. ಚಿಕ್ಕ ಚಕ್ಕೆಗಳು ಎದ್ದರೆ ಪೆಡಸು ಉಳಿದಿದೆ; ಓವನ್ನಿನ ಶಾಖವನ್ನು 15 ಡಿಗ್ರಿ ಹೆಚ್ಚಿಸಿ ಇನ್ನೊಂದು ಸುತ್ತು ಹದಕ್ಕಿಟ್ಟು, ಬಾಯಿಯನ್ನು ಮತ್ತೆ ಮಸೆದು ಪರೀಕ್ಷಿಸಬೇಕು. ಹಿಡಿ ಕೂರಿಸುವ ಮೊದಲೇ ಈ ಪರೀಕ್ಷೆ ಮಾಡಿದರೆ ಅಂಟು ಮರಗಳನ್ನು ಕಿತ್ತು ತೆಗೆಯುವ ಕೆಲಸ ತಪ್ಪುತ್ತದೆ. ಬಾಗಿದ ಬಾಯಿ ಬಾಗಿದಂತೆಯೇ ನಿಂತುಬಿಟ್ಟರೆ ಗಡಸುತನವೇ ಸಾಲದು. ಹದದ ಶಾಖ ಮಿತಿ ಮೀರಿತ್ತೋ, ತಣಿಸುವಾಗಲೇ ತಪ್ಪಿತ್ತೋ ಎಂಬುದನ್ನು ಬರೆದಿಟ್ಟುಕೊಂಡ ಅಂಕಿಗಳಿಂದ ಗುರುತಿಸಿ, ಅಲಗನ್ನು ಹರಳು ಸಣ್ಣದು ಮಾಡುವ ಹಂತದಿಂದ ಪುನಃ ಕುಲುಮೆಗೆ ಇಡಬೇಕು.